ಬೆಕ್ಕಿನ ಕುಲದ ವೈದ್ಯ ಕೊಡುವ ಕ್ಯಾಟ್‌ಮಿಂಟ್‌ನಿಂದ ಕೆಮ್ಮು ನಿಜವಾಗಿ ವಾಸಿಯಾಗುತ್ತಾ?

ಇಲ್ಲ. ಕಾಡಿನಲ್ಲಿ ಕುಲಗಳಾಗಿ ಬದುಕುವ ಬೆಕ್ಕುಗಳ ಕಥೆ ಹೇಳುವ 'ವಾರಿಯರ್ಸ್' ಕಾದಂಬರಿಗಳಲ್ಲಿ ವೈದ್ಯ ಬೆಕ್ಕು ಎದೆಗಿಳಿದ 'ಹಸಿರು ಕೆಮ್ಮಿಗೆ' ಈ ಎಲೆ ತಿನ್ನಿಸುತ್ತದೆ, ಆದರೆ ನಿಜದಲ್ಲಿ ಇದು ಸೋಂಕಿಗೆ ಮದ್ದಲ್ಲ. ಇದು ಪುದೀನಾ ಕುಟುಂಬದ ಗಿಡ. ಎಲೆ ಜಜ್ಜಿದಾಗ ನೆಪೆಟಲ್ಯಾಕ್ಟೋನ್ ಅನ್ನುವ ವಾಸನೆಯ ವಸ್ತು ಹೊರಬರುತ್ತದೆ. ಅದು ಕೆಲಸ ಮಾಡೋದು ಮೂಗಿನ ಮೂಲಕ, ಹೊಟ್ಟೆಯ ಮೂಲಕ ಅಲ್ಲ: ವಾಸನೆ ಮಿದುಳಿಗೆ ಮುಟ್ಟಿದ ಕೂಡಲೇ ದೇಹವೇ ತಯಾರಿಸುವ, ಹಿತ ಕೊಡುವ ಎಂಡಾರ್ಫಿನ್ ಜಾಸ್ತಿಯಾಗಿ ಬೆಕ್ಕು ಮುಖ ಉಜ್ಜುತ್ತದೆ, ನೆಲದ ಮೇಲೆ ಹೊರಳಾಡುತ್ತದೆ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಎಲ್ಲ ಬೆಕ್ಕಿಗೂ ಹೀಗಾಗಲ್ಲ, ಇದು ಹುಟ್ಟಿನಿಂದ ಬರುವ ಗುಣ.

ನಿಮ್ಮ ಬೆಕ್ಕಿಗೆ ಕೆಮ್ಮಿದ್ದರೆ ದಯವಿಟ್ಟು ಪಶುವೈದ್ಯರಿಗೆ ತೋರಿಸಿ. ಕಥೆಯಲ್ಲಿ ಇಲಿ ಕಚ್ಚಿದ ಗಾಯಕ್ಕೆ ಬಳಸುವ ಬೆಳ್ಳುಳ್ಳಿಯನ್ನಂತೂ ಹತ್ತಿರವೇ ತರಬೇಡಿ, ಅದು ಹೊಟ್ಟೆಗೆ ಹೋದರೆ ಬೆಕ್ಕಿನ ಕೆಂಪು ರಕ್ತಕಣಗಳು ಒಡೆಯುತ್ತವೆ.