ಹಳೇ ಟ್ರ್ಯಾಕ್ಟರಿಗೆ ಮುಂದಿನ ಗಾಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಳೇ ಟ್ರ್ಯಾಕ್ಟರಿನ ಮುಂದಿನ ರಿಮ್, ಟೈರಿನ ಪ್ರಶ್ನೆಗಳೇ ಹೆಚ್ಚು. ಆರನ್ನು ಆರಿಸಿ ಉತ್ತರಿಸಿದ್ದೇವೆ. ಎಲ್ಲವೂ ಟೂ ವೀಲ್ ಡ್ರೈವ್ ಗಾಡಿಗಳವು.

ನಮ್ಮದು ಎಚ್‌ಎಂಟಿ 2511. ಮುಂದಿನ ಎರಡೂ ರಿಮ್ ವಾಲ್ವ್ ತೂತಿನ ಸುತ್ತ ತುಕ್ಕು ಹಿಡಿದು ಹಪ್ಪಳದಂತಾಗಿವೆ. ಕಂಪನಿ ಮುಚ್ಚಿದೆ, ಅಸಲಿ ಗಾಲಿ ಸಿಗುತ್ತಿಲ್ಲ. ಗುಜರಿಯಲ್ಲಿ ಬೇರೆ ಟ್ರ್ಯಾಕ್ಟರಿನದಿದೆ, 16 ಇಂಚೇ. ಹಾಕಬಹುದೇ?
*ಗುಬ್ಬಿ ತಾಲ್ಲೂಕಿನ ಓದುಗರು*

ತುಮಕೂರಿನವರಿಗೆ ಎಚ್‌ಎಂಟಿ ಎಂದರೆ ವಾಚು. ಟ್ರ್ಯಾಕ್ಟರು ಮಾತ್ರ ಹರಿಯಾಣದ ಪಿಂಜೋರಿನದು. ಜೆಕೊಸ್ಲೊವಾಕಿಯಾದ ಜೆಟರ್ ವಿನ್ಯಾಸದ ಈ ಗಾಡಿ 1971ರಿಂದ ಅಲ್ಲಿ ತಯಾರಾಯಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು. ಹಾಗಾಗಿ ಪಾರ್ಟ್ ನಂಬರ್ ಹಿಡಿದು ಅಲೆಯುವುದಕ್ಕಿಂತ ಅಳತೆ ಚೀಟಿ ಹಿಡಿದು ಗುಜರಿಗೆ ಹೋಗುವುದೇ ವಾಸಿ.

16 ಇಂಚು ಎನ್ನುವುದು ಟೈರು ಕೂರುವ ಜಾಗದ ವ್ಯಾಸ, ಅಷ್ಟೇ. ಗಾಲಿ ನಿಮ್ಮ ಹಬ್‌ಗೆ (ಗಾಲಿಯನ್ನು ಬೋಲ್ಟ್ ಹಾಕಿ ಕಟ್ಟುವ ನಡುಭಾಗ) ಕೂರುತ್ತದೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಮೊದಲು ಬೋಲ್ಟ್ ತೂತುಗಳನ್ನು ಎಣಿಸಿ. ಆರು ತೂತಿದ್ದರೆ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಇರುವ ದೂರವೇ ಬೋಲ್ಟ್ ವೃತ್ತದ ವ್ಯಾಸ. ಐದು ತೂತಿದ್ದರೆ ಎದುರುಬದುರು ತೂತು ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡು ತೂತುಗಳ ದೂರವನ್ನು ಅಳೆದು 1.7ರಿಂದ ಗುಣಿಸಿ. 82 ಮಿ.ಮೀ. ಬಂದರೆ ವೃತ್ತ ಸುಮಾರು 139.5 ಮಿ.ಮೀ., ಅಂದರೆ ಐದೂವರೆ ಇಂಚು. ತೂತಿನ ನಡುವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಒಂದು ತೂತಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ, ಅದೂ ಅಷ್ಟೇ ಬರುತ್ತದೆ, ತಪ್ಪೂ ಆಗುವುದಿಲ್ಲ.

ನಾಲ್ಕೈದು ಮಿ.ಮೀ. ಕೂಡದಿದ್ದರೆ ತೂತನ್ನು ಅರದಲ್ಲಿ ಉಜ್ಜಿ ಉದ್ದ ಮಾಡಿಕೊಡುವವರಿದ್ದಾರೆ. ಒಪ್ಪಬೇಡಿ. ತೂತು ಉದ್ದವಾದರೆ ನಟ್ಟಿನ ಕೋನಾಕಾರದ ಮುಖ ಒಂದೇ ಅಂಚಿಗೆ ಒರಗುತ್ತದೆ. ಎಷ್ಟು ಬಿಗಿದರೂ ಒಂದೆರಡು ದಿನದಲ್ಲಿ ಸಡಿಲ, ಆಮೇಲೆ ಸ್ಟಡ್ ಕತ್ತರಿಸುತ್ತದೆ.

ಗಾಲಿಯ ನಡುವಿನ ದೊಡ್ಡ ತೂತು ಹಬ್ಬಿನ ಉಬ್ಬಿಗೆ ಅಡ್ಡಿಯಿಲ್ಲದೆ ಕೂರಬೇಕು. ಕೊನೆಯದಾಗಿ ಒಳಬಾಗು ನೋಡಿ, ಎಲ್ಲರೂ ಮರೆಯುವುದು ಇದನ್ನೇ. ಹಳೇ ಗಾಲಿಯನ್ನು ಹಬ್‌ಗೆ ತಾಗುವ ಮುಖ ಮೇಲೆ ಬರುವಂತೆ ನೆಲಕ್ಕೆ ಮಲಗಿಸಿ, ರಿಮ್ಮಿನ ಅಂಚುಗಳ ಮೇಲೆ ನೇರವಾದ ಪಟ್ಟಿ ಇಟ್ಟು, ಪಟ್ಟಿಯಿಂದ ಆ ಮುಖಕ್ಕೆ ಎಷ್ಟು ಆಳ ಎಂದು ಅಳೆಯಿರಿ. ಗುಜರಿ ಗಾಲಿಗೂ ಹಾಗೇ ಮಾಡಿ. ನಾಲ್ಕೈದು ಮಿ.ಮೀ. ವ್ಯತ್ಯಾಸ ನಡೆದೀತು. ಒಂದು ಇಂಚು ಆಚೆ ಬಂದರೆ ಗಾಡಿ ಓಡುತ್ತದೆ, ಆದರೆ ಭಾರ ಹಬ್ಬಿನ ಹೊರಗಿನ ಸಣ್ಣ ಬೇರಿಂಗ್ ಮೇಲೆ ಬೀಳುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ, ಕಿಂಗ್‌ಪಿನ್ (ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಕೀಲು) ಬುಷ್ ಬೇಗ ಸವೆಯುತ್ತದೆ.

ಇಷ್ಟೂ ಕೂಡಿಬಂದರೆ ಆ ಗಾಲಿಯನ್ನು ಹಬ್‌ಗೆ ಕಟ್ಟಿ, ಜಾಕ್ ಮೇಲೆ ತಿರುಗಿಸಿ, ರಿಮ್ ಅಂಚಿನ ಪಕ್ಕ ಸೀಮೆಸುಣ್ಣ ಅಲುಗದಂತೆ ಹಿಡಿಯಿರಿ. ಸುಣ್ಣ ಒಂದೇ ಕಡೆ ತಾಗಿ, ಎದುರು ಕಡೆ 3 ಮಿ.ಮೀ.ಗಿಂತ ಹೆಚ್ಚು ಸಂದು ಬಿಟ್ಟರೆ ರಿಮ್ ಸೊಟ್ಟ, ವಾಪಸ್ ಕೊಡಿ. ಬಣ್ಣ ಬಳಿದ ರಿಮ್ಮನ್ನು ಒಳಗಡೆ ತಂತಿ ಬ್ರಷ್‌ನಲ್ಲಿ ಉಜ್ಜದೆ ದುಡ್ಡು ಕೊಡಬೇಡಿ. ತುಕ್ಕು ಇರುವುದು ಹೊರಗಲ್ಲ, ಟೈರು ಮುಚ್ಚುವ ಜಾಗದಲ್ಲಿ.

ಮುಂದೆ 6.00-16 ಇದೆ. ಕೆರೆ ಮಣ್ಣು ಹೊಡೆಯುವಾಗ ಹೂತುಕೊಳ್ಳುತ್ತದೆ. 7.50-16 ಹಾಕಿದರೆ ಹೇಗೆ?
*ಶಿರಾದಿಂದ*

ಬೇಡ, 6.50-16 ಸಾಕು. ಇದರಲ್ಲಿ ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. 6.00-16 ಟೈರಿಗೆ ಸರಿಯಾದ ರಿಮ್ 4.00 ಇ (ಅಂಕಿ ರಿಮ್ಮಿನ ಅಗಲ, ಅಕ್ಷರ ಅದರ ಅಂಚಿನ ಆಕಾರದ ಗುರುತು), 4.50 ಇ ಕೂಡ ನಡೆಯುತ್ತದೆ. 6.50-16ಕ್ಕೆ 4.50 ಇ ಬೇಕು. 7.50-16ಕ್ಕೆ 5.50 ಎಫ್ ಬೇಕು. ಈ ಅಂಕಿ ರಿಮ್ಮಿನ ಮೇಲೆ ಒತ್ತಿರುತ್ತದೆ, ತುಕ್ಕು ತೆಗೆದರೆ ಕಾಣುತ್ತದೆ. ಕಾಣದಿದ್ದರೆ ಟೈರಿನ ಅಂಚು ಕೂರುವ ಒಳ ಅಗಲವನ್ನು ಇಂಚಿನಲ್ಲಿ ಅಳೆಯಿರಿ. ಹೊರಗಿನ ತುದಿಯಿಂದ ತುದಿಗೆ ಅಳೆದರೆ ತಪ್ಪು ಅಂಕಿ ಬರುತ್ತದೆ.

ನಾಲ್ಕು ಇಂಚಿನ ರಿಮ್ಮಿಗೆ 7.50 ಟೈರನ್ನು ಹೇಗಾದರೂ ತುರುಕಬಹುದು, ಗಾಳಿಯೂ ನಿಲ್ಲುತ್ತದೆ. ಆದರೆ ಬುಡ ಇಕ್ಕಟ್ಟಾಗಿ ಟೈರಿನ ಮೈ ಬಲೂನಿನಂತೆ ದುಂಡಗಾಗುತ್ತದೆ. ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ಅಗಲ ಬೇಕೆಂದು ಹಾಕಿದ ಟೈರು ಹೂತುಕೊಳ್ಳುವುದು ನಿಲ್ಲುವುದಿಲ್ಲ. ಎತ್ತರವೂ ಬದಲಾಗುತ್ತದೆ: 6.00-16ರ ಹೊರವ್ಯಾಸ ಸುಮಾರು 29 ಇಂಚು, 6.50ರದು 30ರ ಆಸುಪಾಸು, 7.50ರದು 31 ದಾಟುತ್ತದೆ. ಪೂರ್ತಿ ತಿರುಗಿಸಿದಾಗ ಟೈರು ಆಕ್ಸಲ್ಲಿಗೋ ಸ್ಟೇರಿಂಗ್ ರಾಡಿಗೋ ಉಜ್ಜುತ್ತದೆಯೇ ಎಂದು ಎರಡೂ ಕಡೆ ನೋಡಿ.

ಟೈರಿನ ಮೇಲೆ ಬರೆದ ‘8 ಪ್ಲೈ’ ಎಂದರೆ ಎಂಟು ಪದರ ಇದೆ ಎಂದಲ್ಲ, ಅದು ಭಾರ ತಡೆಯುವ ಶಕ್ತಿಯ ದರ್ಜೆ. ಮುಂದೆ ಬಕೆಟ್ ಲೋಡರ್ ಇಲ್ಲದ ಹಳೇ ಗಾಡಿಗೆ 8 ಪ್ಲೈ ಧಾರಾಳ.

ಟೊಮೆಟೊ ಕ್ರೇಟುಗಳನ್ನು ಟ್ರೈಲರಿನಲ್ಲಿ ಕೋಲಾರ ಮಾರುಕಟ್ಟೆಗೆ ಸಾಗಿಸುತ್ತೇವೆ. ಗಾಡಿ ಎಂಎಫ್ (ಮ್ಯಾಸ್ಸಿ ಫರ್ಗೂಸನ್) 1035. ಮುಂದಿನ ಟೈರಿನ ನಡುವಿನ ಪಟ್ಟಿ ಬೇಗ ನುಣ್ಣಗಾಗುತ್ತಿದೆ, ಬಲಗಡೆಯ ಟೈರಿನ ಒಂದು ಅಂಚೂ ಗರಗಸದಂತಾಗಿದೆ. ಜೀಪಿನ 6.00-16 ಟೈರು ಹಾಕಿದರೆ ಬಾಳಿಕೆ ಬರುತ್ತದೆ ಎನ್ನುತ್ತಾರೆ. ನಿಜವೇ?
*ಕೋಲಾರ ತಾಲ್ಲೂಕಿನ ಓದುಗರು*

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ನಡುಪಟ್ಟಿ ಸವೆಯುವುದಕ್ಕೆ ಕಾರಣ ಡಾಂಬರು ಮತ್ತು ಅತಿಯಾದ ಗಾಳಿ. ಮೂರು ಪಟ್ಟಿಯ ಟೈರಿನಲ್ಲಿ ನಡುವಿನದು ಎತ್ತರವಾಗಿರುವುದು ಮಣ್ಣಿಗೆ ಇಳಿದು, ತಿರುಗಿಸಿದ ಕಡೆ ಗಾಡಿಯನ್ನು ಎಳೆಯಲೆಂದು. ರಸ್ತೆಯಲ್ಲಿ ಇಡೀ ಭಾರ ಅದರ ಮೇಲೇ ಬೀಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟೈರನ್ನು ಒದ್ದು ನೋಡಿ ‘ಸಾಕು’ ಎಂದರೆ ಸಾಲದು, ಗೇಜ್ ಹಿಡಿಸಿ. 6.00-16ಕ್ಕೆ ಸಾಮಾನ್ಯ ಕೆಲಸಕ್ಕೆ 26ರಿಂದ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸುತ್ತಮುತ್ತ ಇರಲಿ, ಟೈರಿನ ಪಕ್ಕದಲ್ಲಿ ಬರೆದ ಮಿತಿ ದಾಟಬಾರದು. ಟ್ರೈಲರ್ ತುಂಬಿದೆ ಎಂದು ಮುಂದಿನ ಟೈರಿಗೆ ಹೆಚ್ಚು ಗಾಳಿ ಹೊಡೆಸುವುದಕ್ಕೆ ಅರ್ಥವಿಲ್ಲ. ಎರಡು ಗಾಲಿಯ ಟ್ರೈಲರು ಕೊಂಡಿಯನ್ನು ಕೆಳಗೆ ಒತ್ತುವುದರಿಂದ ಮೂತಿ ಹಗುರಾಗುತ್ತದೆ, ಭಾರವಾಗುವುದಿಲ್ಲ. ಹೆಚ್ಚಿನ ದುಡಿಮೆ ರಸ್ತೆಯಲ್ಲೇ ಆದರೆ ನಾಲ್ಕು ಪಟ್ಟಿಯ, ಎತ್ತರ ಕಡಿಮೆ ಇರುವ ಟೈರು ಕೇಳಿ.

ಗರಗಸದ ಅಂಚು ಟೈರಿನ ತಪ್ಪಲ್ಲ, ಗಾಲಿಗಳ ದಿಕ್ಕಿನದು. ಹೊಸ ಟೈರು ಹಾಕಿದರೂ ಅದೇ ಗತಿ. ಮೊದಲು ಬಲಗಡೆ ಗಾಲಿಯನ್ನು ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ‘ಟಕ್ ಟಕ್’ ಎಂದರೆ ಬೇರಿಂಗೋ ಕಿಂಗ್‌ಪಿನ್ ಬುಷ್ಷೋ ಸಡಿಲ. ಯಾವುದು ಎಂದು ತಿಳಿಯಲು ಇನ್ನೊಬ್ಬರು ಕಿಂಗ್‌ಪಿನ್ ಮೇಲೆ ಬೆರಳಿಡಲಿ, ಆಟ ಅಲ್ಲೇ ಗೊತ್ತಾಗುತ್ತದೆ. ಅದನ್ನು ಸರಿಮಾಡಿಸದೆ ಅಲೈನ್‌ಮೆಂಟ್ ಮಾಡಿದರೆ ದಂಡ.

ಆಮೇಲೆ ಗಾಡಿಯನ್ನು ಸಮ ನೆಲದಲ್ಲಿ ಸ್ಟೇರಿಂಗ್ ನೇರ ಮಾಡಿ ನಿಲ್ಲಿಸಿ. ಎರಡೂ ಟೈರುಗಳ ಹಿಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ನಡುಪಟ್ಟಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ದೂರ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಮುಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಹಿಂದೆ 1305 ಮಿ.ಮೀ., ಮುಂದೆ 1301 ಬಂದರೆ 4 ಮಿ.ಮೀ. ಒಳಮುಖ, ಅಷ್ಟು ಸರಿ. ಸೊನ್ನೆಯಿಂದ 6 ಮಿ.ಮೀ. ಒಳಗೆ ಇರಲಿ. ಮುಂದೆ ಹೆಚ್ಚು ಬಂದರೆ ಗಾಲಿಗಳು ಹೊರಮುಖವಾಗಿವೆ, ಟೈರು ರಸ್ತೆಯ ಮೇಲೆ ಅಡ್ಡಡ್ಡ ಉಜ್ಜಿಕೊಂಡೇ ಹೋಗುತ್ತಿದೆ. ರಾಡಿನ ಲಾಕ್ ನಟ್ ಸಡಿಲಿಸಿ ಎರಡೂ ಕಡೆ ಸಮವಾಗಿ ತಿರುಗಿಸಿ. ಒಂದೇ ಕಡೆ ತಿರುಗಿಸಿದರೆ ಸ್ಟೇರಿಂಗ್ ಚಕ್ರ ಸೊಟ್ಟ ನಿಲ್ಲುತ್ತದೆ. ಮುಂದಿನ ಆಕ್ಸಲ್ಲಿನ ಅಗಲವನ್ನು ಹೊಸ ತೂತಿಗೆ ಬದಲಿಸಿದಾಗಲೆಲ್ಲ ಈ ಅಳತೆ ಮತ್ತೆ ಮಾಡಬೇಕು.

ಜೀಪಿನ ಟೈರಿನ ವಿಷಯ: ರಿಮ್ಮಿಗೆ ಕೂರುತ್ತದೆ, ರಸ್ತೆಯಲ್ಲಿ ಬಾಳಿಕೆಯೂ ಬರುತ್ತದೆ. ಆದರೆ ಉತ್ತ ಹೊಲದಲ್ಲಿ ಕಲ್ಟಿವೇಟರ್ ಹಾಕಿ ತಿರುಗಿಸಿದರೆ ಗಾಲಿ ತಿರುಗಿರುತ್ತದೆ, ಗಾಡಿ ನೇರ ಹೋಗುತ್ತಿರುತ್ತದೆ. ಹೊಲಕ್ಕೆ ಇಳಿಯುವ ಗಾಡಿಗೆ ಬೇಡ.

ಅಜ್ಜನ ಕಾಲದ ಬೂದು ಫರ್ಗೂಸನ್ ಇದೆ, ಮುಂದಿನ ಗಾಲಿ ಎತ್ತರ, ಸಣಕಲು. ಟೈರು ಸಿಗುತ್ತಿಲ್ಲ.
*ಚಿಂತಾಮಣಿಯಿಂದ*

ಅದು 4.00-19, ರಿಮ್ 3.00 ಡಿ ಇರಬೇಕು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಟಿಇ20 ಮಾದರಿಗೆ ಬರುತ್ತಿದ್ದ ಅಳತೆ. ಗಾಡಿಯನ್ನು ಮೂಲರೂಪದಲ್ಲೇ ಇಡುವ ಆಸೆಯಿದ್ದರೆ ಆ ಅಳತೆಯ ಮೂರು ಪಟ್ಟಿ ಟೈರನ್ನು ತರಿಸಿಕೊಳ್ಳಿ, ರಿಮ್ ಉಳಿಸಿಕೊಳ್ಳಿ. ದುಡಿಸುವ ಗಾಡಿಯಾದರೆ 16 ಇಂಚಿನ ಗಾಲಿಗೆ ಬದಲಿಸಿ 6.00-16 ಹಾಕುವುದೇ ಜಾಣತನ, ಎಲ್ಲಾ ಊರಲ್ಲೂ ಸಿಗುತ್ತದೆ. ಮೂತಿ ಮುಕ್ಕಾಲು ಇಂಚಿನಷ್ಟು ಮೇಲೇಳುತ್ತದೆ, ತೊಂದರೆಯಿಲ್ಲ. ಬೋಲ್ಟ್ ವೃತ್ತದ ಅಳತೆ ಗುಬ್ಬಿ ಓದುಗರಿಗೆ ಹೇಳಿದಂತೆ. ಎತ್ತಿನ ಗಾಡಿಯ 19 ಇಂಚಿನ ಟೈರು ಈ ಸಣ್ಣ ರಿಮ್ಮಿಗಲ್ಲ. ಬುಲೆಟ್ಟಿನ ಟೈರಂತೂ ಈ ಭಾರಕ್ಕೆ ಮಾಡಿದ್ದೇ ಅಲ್ಲ.

ಮನೆಯಲ್ಲೇ ಟೈರು ಬದಲಿಸುವುದು ಹೇಗೆ? ಸೀಮೆಜಾಲಿ ಮುಳ್ಳಿನ ಕಾಟಕ್ಕೆ ಏನು ಮಾಡಬೇಕು?
*ಪಾವಗಡದಿಂದ*

ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುವುದರಿಂದ ಒಂದು ಕಡೆ ಎತ್ತಿದಾಗ ಗಾಡಿಯ ಮೈ ಇನ್ನೊಂದು ಕಡೆಗೆ ವಾಲಬಹುದು. ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ, ಆಕ್ಸಲ್ ಮತ್ತು ಗಾಡಿಯ ಮೈ ನಡುವೆ ಎರಡೂ ಪಕ್ಕ ಮರದ ತುಂಡು ಬಡಿಯಿರಿ. ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಎತ್ತಿ. ಜಾಕನ್ನೇ ನಂಬದೆ ಕೆಳಗೆ ದಿಮ್ಮಿ ಇಡಿ.

ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೆ ಅಂಚು ಬಿಡಿಸಿ. ಹಳೇ ಟೈರಿನ ಒಳಗೆ ಬರಿಗೈ ಆಡಿಸಬೇಡಿ, ಬಟ್ಟೆಯ ಉಂಡೆ ಆಡಿಸಿ. ಮುರಿದ ಜಾಲಿ ಮುಳ್ಳಿನ ಮೊನೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಇಕ್ಕಳದಲ್ಲಿ ಕೀಳಿ. ಪಂಕ್ಚರ್ ಹಾಕಿಸಿದ ಮಾರನೇ ದಿನವೇ ಮತ್ತೆ ಗಾಳಿ ಇಳಿಯುವುದು ಈ ಉಳಿದ ಮೊನೆಯಿಂದ. ಹಳೇ ಟ್ಯೂಬನ್ನು ಸೀಳಿ ಒಳಗೆ ಹಾಸುವ ಪದ್ಧತಿ ಇದೆ. ಅದರ ಅಂಚು ಹೊಸ ಟ್ಯೂಬನ್ನು ಉಜ್ಜಿ ಕೊನೆಗೆ ಸೀಳುತ್ತದೆ, ಬಿಟ್ಟುಬಿಡಿ.

ಹೊಸ ಟೈರಿಗೆ ಹೊಸ ಟ್ಯೂಬೇ ಹಾಕಿ. ಹಿಗ್ಗಿದ ಹಳೇ ಟ್ಯೂಬು ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಒಡೆಯುತ್ತದೆ. ವಾಲ್ವ್ ರಿಮ್ಮಿನ ತೂತಿಗೆ ಸರಿಯಾಗಿ ಕೂರಬೇಕು: ಟಿಆರ್ 15 ವಾಲ್ವಿಗೆ ತೂತು ಸುಮಾರು 16 ಮಿ.ಮೀ. ತುಕ್ಕಿಗೆ ತೂತು ದೊಡ್ಡದಾಗಿದ್ದರೆ ವಾಲ್ವಿನ ಬುಡ ಕತ್ತರಿಸುತ್ತದೆ. ಟ್ಯೂಬಿಗೆ ಟಾಲ್ಕ್ ಪುಡಿ, ಟೈರಿನ ಅಂಚಿಗೆ ಸೋಪು ನೀರು ಸವರಿ. ಗ್ರೀಸ್, ಡೀಸೆಲ್ ಸವರಿದರೆ ರಬ್ಬರ್ ಹಾಳು, ಟೈರು ರಿಮ್ಮಿನ ಮೇಲೆ ಜಾರುತ್ತದೆ. ಗಾಳಿ ತುಂಬುವಾಗ ಪಕ್ಕಕ್ಕೆ ನಿಲ್ಲಿ. 35 ಪಿಎಸ್‌ಐ ಬಂದರೂ ಅಂಚು ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪು ಸವರಿ ಮೊದಲಿಂದ ಮಾಡಿ. ಇನ್ನೂ ಒತ್ತಿದರೆ ಅಂಚಿನ ತಂತಿ ಹರಿದು ಟೈರು ಎಗರಿ ಜೀವಕ್ಕೇ ಅಪಾಯ. ರಿಮ್ಮಿಗೆ ವೆಲ್ಡಿಂಗ್ ಬೇಕಿದ್ದರೆ ಟೈರು ಪೂರ್ತಿ ಕಳಚಿದ ಮೇಲೇ. ಗಾಳಿ ಬಿಟ್ಟಿದೆ ಎಂದು ಟೈರು ಸಮೇತ ವೆಲ್ಡಿಂಗ್ ಮಾಡಿಸಬೇಡಿ, ಶಾಖಕ್ಕೆ ರಬ್ಬರಿನಿಂದ ಹೊರಡುವ ಅನಿಲ ಹೊತ್ತಿ ಸಿಡಿಯುತ್ತದೆ.

ನಟ್ಟುಗಳನ್ನು ಒಂದರ ಎದುರು ಒಂದು ಬಿಗಿಯಿರಿ. ಒಂದು ದಿನ ದುಡಿದ ಮೇಲೆ ಇನ್ನೊಮ್ಮೆ ಬಿಗಿಯಲೇಬೇಕು, ಹೊಸ ಬಣ್ಣ ಅದುಮಿಕೊಂಡು ನಟ್ ಸಡಿಲವಾಗುತ್ತದೆ.

ಅಂಗಡಿಯಲ್ಲಿ ಹಳೇ ಸ್ಟಾಕ್ ಟೈರನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಕೊಳ್ಳಬಹುದೇ?
*ತಿಪಟೂರಿನಿಂದ*

ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ. ಬಿಸಿಲಿಗೆ ಬೀಳದೆ ಒಳಗಿಟ್ಟ ಒಂದೆರಡು ವರ್ಷದ ಟೈರಾದರೆ ಧಾರಾಳವಾಗಿ ಕೊಳ್ಳಿ. ಪಟ್ಟಿಗಳ ಬುಡದಲ್ಲಿ, ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡರೆ ಬೆಲೆ ಎಷ್ಟು ಇಳಿಸಿದರೂ ಬೇಡ. ಕೊಂಡರೆ ಎರಡನ್ನೂ ಒಟ್ಟಿಗೆ, ಒಂದೇ ಮಾದರಿಯದನ್ನು ಕೊಳ್ಳಿ. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಗಾಡಿ ಸವೆದ ಕಡೆಗೆ ಎಳೆಯುತ್ತದೆ.