ಗಣಿ ರೈಲಿನ ಬ್ರೇಕ್ ವ್ಯಾನ್ ಗುರುತಿಸೋಕೆ ಬಣ್ಣ ಬಿಡಿ, ಗಾಲಿ ಅಳೆಯಿರಿ

ಸರ್, ನಮಸ್ಕಾರ. ನೀವು ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಇಂಗ್ಲೆಂಡಿನ ಡರ್ಹಮ್ ಕೌಂಟಿ, ಲ್ಯಾಂಬ್ಟನ್ ಗಣಿ ರೈಲು, 1950ರ ದಶಕ. ಕಲ್ಲಿದ್ದಲು ಹಾಪರ್‌ಗಳ (ತಳದಿಂದ ಸುರಿಯುವ ವ್ಯಾಗನ್‌ಗಳ) ಸಾಲಿನ ತುದಿಗೆ ಒಂದು ನಾಲ್ಕು ಗಾಲಿಯ ಬ್ರೇಕ್ ವ್ಯಾನ್, ಅಂದರೆ ಗಾರ್ಡ್ ಡಬ್ಬಿ, ಪಕ್ಕದ ಕಿಟಕಿಗೆ ಹಲಗೆ ಬಡಿದಿದೆ, ಅಕ್ಷರ ಒಂದೂ ಉಳಿದಿಲ್ಲ. ಇದು ಯಾವ ಕಂಪನಿಯದು, ಓಓ ಸ್ಕೇಲಿನಲ್ಲಿ (ಒಂದು ಅಡಿಗೆ 4 ಮಿಮೀ) ಡಪೋಲ್ ಕಂಪನಿಯ ಕಿಟ್‌ನಿಂದ ಇದರ ಮಾದರಿ ಮಾಡಬಹುದಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ಇದು ಗಣಿಯವರೇ ಕಟ್ಟಿಕೊಂಡದ್ದು ಅಂದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಮುಂದೆ ಬೇರೆ ಫೋಟೊ ಸಿಕ್ಕಾಗಲೂ ಉಪಯೋಗಕ್ಕೆ ಬರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ್ದು, ಆ ಗಣಿ ರೈಲಿಗೆ ಬ್ರೇಕ್ ವ್ಯಾನ್ ಬೇಕಾದ್ದಾದರೂ ಏಕೆ ಅಂತ. ನಮ್ಮಲ್ಲಿ ಗೂಡ್ಸ್ ಗಾಡಿಯ ಕೊನೆಗೆ ಗಾರ್ಡ್ ಡಬ್ಬಿ ನೋಡಿ ಬೆಳೆದವರಿಗೆ ಅದು ಇದ್ದೇ ಇರಬೇಕು ಅನ್ನಿಸುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ವ್ಯಾಗನ್‌ಗಳ ಕಥೆ ಬೇರೆ. ಎಂಜಿನ್ನಿನಿಂದ ಹಿಡಿಯಬಹುದಾದ ಬ್ರೇಕ್ ಅವುಗಳಲ್ಲಿ ಬಹುಪಾಲಿಗೆ ಇರಲೇ ಇಲ್ಲ, ಒಂದಕ್ಕೊಂದು ಮೂರು ಕೊಂಡಿಯ ಸಡಿಲ ಸರಪಳಿ ಅಷ್ಟೇ. ಇಳಿಜಾರಿನಲ್ಲಿ ಹಿಂದಿನ ವ್ಯಾಗನ್‌ಗಳು ಮುಂದಿನವಕ್ಕೆ ಗುದ್ದದಂತೆ, ಏರಿನಲ್ಲಿ ಸರಪಳಿ ಕಿತ್ತರೆ ಬಾಲ ಹಿಂದಕ್ಕೆ ಓಡದಂತೆ, ಗಾರ್ಡ್ ತನ್ನ ವ್ಯಾನಿನ ಕೈಬ್ರೇಕ್ ತಿರುಗಿಸಿ ಹಿಡಿಯಬೇಕಿತ್ತು. ಮುಖ್ಯ ಮಾರ್ಗದಲ್ಲಿ ಇದು ಕಡ್ಡಾಯ. ಗಣಿಯ ಸ್ವಂತ ಹಳಿಯ ಮೇಲೆ ಎಷ್ಟೋ ಕಡೆ ವ್ಯಾನ್ ಇಲ್ಲದೆಯೇ ಓಡಿಸುತ್ತಿದ್ದರು.

ಹಾಗಾಗಿ ಗಣಿ ರೈಲಿನಲ್ಲಿ ಬ್ರೇಕ್ ವ್ಯಾನ್ ಕಂಡರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಲ್ಯಾಂಬ್ಟನ್ ವಿಷಯದಲ್ಲಿ ಕಾರಣ ಸ್ಪಷ್ಟ. ಅವರ ಎಂಜಿನ್‌ಗಳು ಪೆನ್‌ಶಾ ಕಡೆಯಿಂದ ಸಂಡರ್‌ಲ್ಯಾಂಡ್ ಬಂದರಿನ ಧಕ್ಕೆಗೆ ಹೋಗುವಾಗ ನಾರ್ತ್ ಈಸ್ಟರ್ನ್ ರೈಲ್ವೆಯ ಹಳಿಯ ಮೇಲೆ ಓಡುತ್ತಿದ್ದವು. ಪರರ ಹಳಿಯ ಮೇಲೆ ಗಾಡಿ ನಡೆಸುವ ಹಕ್ಕು ಅವರಿಗಿತ್ತು, ಹಕ್ಕಿನ ಜೊತೆ ಆ ಹಳಿಯ ನಿಯಮವೂ ಅಂಟಿಕೊಳ್ಳುತ್ತದೆ. 1911ರಲ್ಲಿ ಹೆಟನ್ ಗಣಿಗಳು, 1924ರಲ್ಲಿ ಜಾಯ್ಸಿ ಗಣಿಗಳು ಸೇರಿ ಕಂಪನಿಯ ಹೆಸರು ಉದ್ದವಾಯಿತು, 1947ರ ಜನವರಿ 1ಕ್ಕೆ ಎಲ್ಲವೂ ಸರ್ಕಾರದ ನ್ಯಾಷನಲ್ ಕೋಲ್ ಬೋರ್ಡಿಗೆ ಹೋಯಿತು. ಆಮೇಲೂ ಗಾಡಿಗಳು ಅದೇ ದಾರಿಯಲ್ಲಿ ಓಡುತ್ತಿದ್ದವು.

ಬೇರೆ ಗಣಿಗಳಲ್ಲಿ ಕಾರಣ ಬೇರೆ ಇರಬಹುದು. ಎಂಜಿನ್ ಹಿಂದಿನಿಂದ ತಳ್ಳಿಕೊಂಡು ರಸ್ತೆ ದಾಟುವಾಗ ಮುಂದೆ ನಿಂತು ನೋಡುವವನಿಗೆ ಒಂದು ಜಾಗ ಬೇಕು, ಶಂಟಿಂಗ್ ಆಳುಗಳಿಗೆ ಫುಟ್‌ಬೋರ್ಡ್ ಬೇಕು. ಬೋಸ್ ರೈಲ್ವೆಯಂಥ ಕಡೆ, 1826ರಿಂದ ಹಗ್ಗ ಕಟ್ಟಿ ಇಳಿಜಾರಿನಲ್ಲಿ ವ್ಯಾಗನ್ ಇಳಿಸುತ್ತಿದ್ದ ದಾರಿಗಳಲ್ಲಿ, ವ್ಯಾಗನ್‌ಗಳ ಜೊತೆಗೇ ನಿಂತು ಹೋಗುವ ಆಳು ಇರುತ್ತಿದ್ದ, ಬ್ರೇಕ್ ವ್ಯಾನಿಗೆ ಅಲ್ಲಿ ಕೆಲಸವಿಲ್ಲ. ಯಾರಾದರೂ ಬೋಸ್ ಇಳಿಜಾರಿನ ಮಾದರಿ ಲೇಔಟ್ ಮಾಡುತ್ತಿದ್ದರೆ ದಯವಿಟ್ಟು ಆ ಹಗ್ಗದ ಸಾಲಿನ ಹಿಂದೆ ವ್ಯಾನ್ ಹಾಕಬೇಡಿ.

ಇನ್ನು ಗುರುತಿಸುವ ಕೆಲಸ. ಗಣಿಯವರು ಹೆಚ್ಚಾಗಿ ಮುಖ್ಯ ಮಾರ್ಗದ ಕಂಪನಿಗಳು ಕಳಚಿಹಾಕಿದ ವ್ಯಾನ್‌ಗಳನ್ನು ಕೊಂಡು ತರುತ್ತಿದ್ದರು. ತಂದಮೇಲೆ ಒಡೆದ ಕಿಟಕಿಗೆ ಹಲಗೆ ಬಡಿಯುತ್ತಾರೆ, ಪಕ್ಕದಲ್ಲಿ ಉಬ್ಬಿ ನಿಂತ ಇಣುಕು ಗೂಡನ್ನು ಕಿತ್ತುಹಾಕುತ್ತಾರೆ, ಬಣ್ಣ ಬದಲಾಗುತ್ತದೆ. ಮೈ ನಂಬುವ ಹಾಗಿಲ್ಲ. ಗಾಲಿಗಳ ನಡುವಿನ ಅಂತರವನ್ನು (ವೀಲ್‌ಬೇಸ್) ಮಾತ್ರ ಯಾರೂ ಸುಮ್ಮನೆ ಬದಲಿಸುವುದಿಲ್ಲ, ಅದಕ್ಕೆ ಚಾಸಿಯನ್ನೇ ಬಿಚ್ಚಬೇಕು. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನೋಡಿ.

ಅಳೆಯುವುದು ಸುಲಭ. ಬ್ರಿಟಿಷ್ ವ್ಯಾಗನ್ ಗಾಲಿಯ ವ್ಯಾಸ ಸಾಮಾನ್ಯವಾಗಿ 3 ಅಡಿ 1 ಅಂಗುಲ, ಅಂದರೆ 37 ಅಂಗುಲ. ಫೋಟೊದಲ್ಲಿ ಒಂದು ಅಚ್ಚಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಎಷ್ಟು ಗಾಲಿ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ. ಸುಮಾರು 5.2 ಬಂದರೆ 16 ಅಡಿ ವೀಲ್‌ಬೇಸ್. 3.4 ಬಂದರೆ 10 ಅಡಿ 6 ಅಂಗುಲ. 2.9 ಬಂದರೆ 9 ಅಡಿ. ಫೋಟೊ ಓರೆಯಾಗಿದ್ದರೆ ಗಾಲಿಯ ಎತ್ತರ ಅಳೆಯಬೇಡಿ, ಅಡ್ಡ ಅಗಲ ಅಳೆಯಿರಿ. ಓರೆ ನೋಟದಲ್ಲಿ ವೀಲ್‌ಬೇಸ್ ಎಷ್ಟು ಕುಗ್ಗುತ್ತದೋ ಗಾಲಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಎತ್ತರ ಹಾಗೇ ಉಳಿದು ಲೆಕ್ಕ ಕೆಡಿಸುತ್ತದೆ. ಹತ್ತಿರದ ಗಾಲಿ, ದೂರದ ಗಾಲಿ ಎರಡನ್ನೂ ಅಳೆದು ಸರಾಸರಿ ತೆಗೆದುಕೊಳ್ಳಿ. ಸವೆದ ಗಾಲಿ ಸ್ವಲ್ಪ ಚಿಕ್ಕದಿರುತ್ತದೆ, ಆದರೆ 3.4ಕ್ಕೂ 5.2ಕ್ಕೂ ಇರುವ ವ್ಯತ್ಯಾಸವನ್ನು ಸವೆತ ಮುಚ್ಚಲಾರದು.

9 ಅಡಿ ಬಂದಿದ್ದರೆ ಗಣಿಯಲ್ಲೇ ಕಟ್ಟಿದ್ದು ಅನ್ನುವ ಮಾತನ್ನು ನಾನೂ ಒಪ್ಪುತ್ತಿದ್ದೆ. ಅದು ಸಾಮಾನ್ಯ ಕಲ್ಲಿದ್ದಲು ವ್ಯಾಗನ್ನಿನ ಅಳತೆ, 16 ಅಡಿ 6 ಅಂಗುಲ ಉದ್ದದ ಚೌಕಟ್ಟಿಗೆ 9 ಅಡಿ ವೀಲ್‌ಬೇಸ್. ಹಳೇ ವ್ಯಾಗನ್ ಚಾಸಿಯ ಮೇಲೆ ಗೂಡು ಕಟ್ಟಿದರೆ ವ್ಯಾಗನ್ನಿನ ಪಕ್ಕದ ಉದ್ದ ಬ್ರೇಕ್ ಲಿವರ್ ಕೂಡ ಎಷ್ಟೋ ಸಲ ಉಳಿದಿರುತ್ತದೆ. ನಿಮ್ಮ ಫೋಟೊದಲ್ಲಿ ಆ ಲಿವರ್ ಇಲ್ಲ, ಗಾಲಿಯ ಎರಡೂ ಬದಿಗೆ ಬ್ರೇಕ್ ಬ್ಲಾಕ್ ಕಾಣುತ್ತಿದೆ. ಹಾಗಾಗಿ ಬ್ರೇಕ್ ವ್ಯಾನ್ ಆಗಿಯೇ ಹುಟ್ಟಿದ ಚಾಸಿ ಅದು.

ನಾನು ಅಳೆದಾಗ 3.4ರ ಆಸುಪಾಸು ಬಂತು. ಎರಡೂ ತುದಿಗೆ ವರಾಂಡ ಇದೆ. ಊರು ಡರ್ಹಮ್. ಇವು ಮೂರೂ ನಾರ್ತ್ ಈಸ್ಟರ್ನ್ ರೈಲ್ವೆಯ ಕೊನೆಯ ಮಾದರಿಯನ್ನೋ, 1923ರಲ್ಲಿ ಆ ಕಂಪನಿ ಸೇರಿಹೋದ ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ) ನಂತರ ಅದನ್ನೇ ಬೆಳೆಸಿ ಮಾಡಿದ ‘ಟೋಡ್ ಬಿ’ ಅನ್ನುವ ಮಾದರಿಯನ್ನೋ ತೋರಿಸುತ್ತವೆ. ಎರಡರ ನಡುವೆ ಯಾವುದು ಅನ್ನೋಕೆ ಪಕ್ಕದ ಹಲಗೆ, ಮೂಲೆಯ ಕಬ್ಬಿಣ ಪಟ್ಟಿ ಸ್ಪಷ್ಟವಾಗಿ ಕಾಣುವ ಇನ್ನೊಂದು ಫೋಟೊ ಬೇಕು. ಸೌತ್ ವೇಲ್ಸಿನಲ್ಲಿ ಒಂದೇ ಕಡೆ ವರಾಂಡ ಇರುವ ವ್ಯಾನ್ ಕಂಡಿದ್ದರೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ‘ಟೋಡ್’ ವ್ಯಾನ್ ಅನ್ನುತ್ತಿದ್ದೆ.

ಈಗ ಡಪೋಲ್ ಕಿಟ್. ಅದು ಹಿಂದೆ ಏರ್‌ಫಿಕ್ಸ್ ಕಂಪನಿ ಮಾಡಿದ ಎರಕದ ಅಚ್ಚಿನದು, ಸರ್ಕಾರಿ ರೈಲ್ವೆಯಾದ ಬ್ರಿಟಿಷ್ ರೈಲ್ವೇಸಿನ 20 ಟನ್ ಸ್ಟ್ಯಾಂಡರ್ಡ್ ವ್ಯಾನಿನ ಮಾದರಿ, 16 ಅಡಿ ವೀಲ್‌ಬೇಸ್. ಎಲ್‌ಎನ್‌ಇಆರ್ ನಂತರದ ವರ್ಷಗಳಲ್ಲಿ ಟೋಡ್ ಬಿ ಗಾತ್ರದ ಗೂಡನ್ನೇ ಉದ್ದ ಚಾಸಿಯ ಮೇಲೆ ಕೂರಿಸಿತು, ಅದಕ್ಕೇ ಎರಡೂ ತುದಿಗೆ ಬರಿ ಜಾಗ ಉಳಿದು ಅಲ್ಲಿ ಕಾಂಕ್ರೀಟ್ ಭಾರ ಇಟ್ಟರು. ಬ್ರಿಟಿಷ್ ರೈಲ್ವೇಸ್ ಆ ರೂಪವನ್ನೇ ಮುಂದುವರಿಸಿತು. ಓಓ ಸ್ಕೇಲಿನಲ್ಲಿ ಕಿಟ್ಟಿನ ವೀಲ್‌ಬೇಸ್ 64 ಮಿಮೀ, ನಿಮಗೆ ಬೇಕಾದ್ದು 42 ಮಿಮೀ. ಕತ್ತರಿಸಿ ಸೇರಿಸಬಹುದು, ಆದರೆ ನೆಟ್ಟಗೆ ಕೂರಿಸುವ ಶ್ರಮಕ್ಕೆ ಬೆಲೆಯಿಲ್ಲ. ಆಕ್ಸ್‌ಫರ್ಡ್ ರೈಲ್ ಓಓದಲ್ಲಿ ಟೋಡ್ ಬಿ ಮಾಡಿದೆ, ಸಿಕ್ಕರೆ ಅದನ್ನೇ ತೆಗೆದುಕೊಂಡು ಮೈಮೇಲೆ ಕೆಲಸ ಮಾಡಿ. ಡಪೋಲ್ ಕಿಟ್ ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ. 1968ರಲ್ಲಿ, ಎಲ್ಲ ವ್ಯಾಗನ್‌ಗಳಿಗೂ ಎಂಜಿನ್ನಿನಿಂದ ಹಿಡಿಯುವ ಬ್ರೇಕ್ ಇರುವ ಗೂಡ್ಸ್ ಗಾಡಿಗಳಿಗೆ ವ್ಯಾನ್ ಕಡ್ಡಾಯ ಅನ್ನುವ ನಿಯಮ ತೆಗೆದರು, ಬೇಡವಾದ ವ್ಯಾನ್‌ಗಳು ಆಮೇಲೆ ಗಣಿಗಳಿಗೂ ಹೋದವು. 1970ರ ದಶಕದ ಗಣಿ ಲೇಔಟ್‌ಗೆ ಆ ಕಿಟ್ ಸರಿಯಾಗಿ ಹೊಂದುತ್ತದೆ.

ಕಿಟಕಿಗೆ ಬಡಿದ ಹಲಗೆಗೆ 0.25 ಮಿಮೀ ಸ್ಟೈರೀನ್ (ಪ್ಲಾಸ್ಟಿಕ್) ಹಾಳೆ ಸಾಕು. ಕಿಟಕಿಯ ಕಂಡಿಯೊಳಗೆ ಕೂರಿಸಬೇಡಿ, ಚೌಕಟ್ಟಿನ ಮೇಲೆಯೇ ಅಂಟಿಸಿ, ಫೋಟೊದಲ್ಲಿ ಹಲಗೆಯ ಅಂಚಿನ ನೆರಳು ಹಾಗೇ ಬಿದ್ದಿದೆ. ಛಾವಣಿಗೆ ತೆಳು ಟಿಶ್ಯೂ ಪೇಪರ್ ಅಂಟಿಸಿ ಬಣ್ಣ ಹೊಡೆದರೆ ಕ್ಯಾನ್ವಾಸ್ ಹೊದಿಕೆಯ ಸುಕ್ಕು ಬರುತ್ತದೆ. ಕೈಹಿಡಿಗಳಿಗೆ 0.45 ಮಿಮೀ ಹಿತ್ತಾಳೆ ತಂತಿ. ಅದು ಸಿಗದಿದ್ದರೆ ಸಂಗೀತದ ಅಂಗಡಿಯಲ್ಲಿ ಗಿಟಾರಿನ ತೆಳು ಉಕ್ಕಿನ ತಂತಿ ಸಿಗುತ್ತದೆ, ಬಗ್ಗಿಸೋದು ಸ್ವಲ್ಪ ಕಷ್ಟ. ನೆಲದ ಕೆಳಗೆ ಮೀನು ಗಾಳದ ಸೀಸದ ಗುಂಡು ಇಟ್ಟು ಒಟ್ಟು 50 ಗ್ರಾಂ ತೂಕಕ್ಕೆ ತನ್ನಿ. ಫುಟ್‌ಬೋರ್ಡ್ ಕೊನೆಗೆ ಹಾಕಿ, ಮೊದಲೇ ಹಾಕಿದರೆ ಕೈ ತಾಗಿ ಮುರಿಯುತ್ತದೆ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ಕೋಲ್ ಬೋರ್ಡಿನ ವ್ಯಾಗನ್‌ಗಳಿಗೆ ದೇಶಕ್ಕೆಲ್ಲ ಒಂದೇ ಬಣ್ಣ ಇರಲಿಲ್ಲ, ಕಪ್ಪು-ಬಿಳುಪು ಫೋಟೊ ನೋಡಿ ಕೆಂಪು ಅಂತಲೋ ಬೂದು ಅಂತಲೋ ಹೇಳುವವರನ್ನು ನಾನು ನಂಬುವುದಿಲ್ಲ. ಎಲ್‌ಎನ್‌ಇಆರ್ ಎಂಜಿನ್ನಿನಿಂದ ಹಿಡಿಯುವ ಬ್ರೇಕಿಲ್ಲದ ತನ್ನ ವ್ಯಾಗನ್‌ಗಳಿಗೆ ಬೂದು ಹೊಡೆಯುತ್ತಿತ್ತು. ಮಾಸಿದ ಬೂದು ಬಣ್ಣದಿಂದ ಶುರು ಮಾಡಿ, ಹೊಸ ಹಲಗೆ ಬಡಿದ ಕಡೆ ಮಾತ್ರ ಬೇರೆ ಛಾಯೆ ಕೊಡಿ. ಕಲ್ಲಿದ್ದಲ ಧೂಳನ್ನು ಎಲ್ಲ ಕಡೆ ಸಮವಾಗಿ ಬಳಿಯಬೇಡಿ. ಫುಟ್‌ಬೋರ್ಡ್ ಮೇಲೂ ಚಾಸಿಯ ಮೂಲೆಗಳಲ್ಲೂ ದಟ್ಟವಾಗಿರಲಿ, ಆಳುಗಳು ಕೈಯಿಟ್ಟು ಹತ್ತುವ ಕೈಹಿಡಿಗಳು ಉಜ್ಜಿ ಹೊಳೆಯಲಿ.

ದೀಪದ ಬಗ್ಗೆ ಒಂದು ಮಾತು. ಸಂಡರ್‌ಲ್ಯಾಂಡ್ ಕಡೆ ಮುಖ್ಯ ಮಾರ್ಗದಲ್ಲಿ ಓಡುವ ದೃಶ್ಯ ಮಾಡುವುದಾದರೆ ಹಿಂದೆ ಒಂದು ಕೆಂಪು ದೀಪ, ಪಕ್ಕಗಳಲ್ಲಿ ಎರಡು ದೀಪ ಬೇಕು, ಪಕ್ಕದವು ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು ತೋರಿಸುತ್ತವೆ. ನಿಮ್ಮ ಫೋಟೊದಲ್ಲಿ ಪಕ್ಕದ ದೀಪದ ಕೊಕ್ಕೆ ಇದೆಯೋ ಇಲ್ಲವೋ ನೆರಳಿನಲ್ಲಿ ಗೊತ್ತಾಗುತ್ತಿಲ್ಲ. ದೊಡ್ಡ ಸ್ಕ್ಯಾನ್ ಇದ್ದರೆ ಬಲಗಡೆ ವರಾಂಡದ ಕಂಬದ ಭಾಗ ಮಾತ್ರ ಕತ್ತರಿಸಿ ಹಾಕಿ, ನೋಡಿ ಹೇಳುತ್ತೇನೆ.