ಪರಮಾಣು ಡಿಸ್ಕ್‌ಗೆ ಕಾಯಬೇಕಾ?

ಸರ್, ಚಿಂತಾಮಣಿಯ ನಿಮ್ಮ ಸ್ಟುಡಿಯೋದಲ್ಲಿ ಮದುವೆ ಫೋಟೋಗಳಿಂದ ಹಾರ್ಡ್ ಡಿಸ್ಕ್‌ಗಳು ತುಂಬಿಹೋಗಿವೆ, ಒಂದು ಪರಮಾಣುವಿನಲ್ಲಿ ಒಂದು ಬಿಟ್ (ಮಾಹಿತಿಯ ಅತಿ ಚಿಕ್ಕ ತುಣುಕು, 0 ಅಥವಾ 1) ಇಡುವ ಡಿಸ್ಕ್ ಬರುವವರೆಗೆ ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ. ಈ ಸೀಸನ್‌ಗೆ ಬೇಕಾದ ಡಿಸ್ಕ್ ಈಗಲೇ ತಗೊಳ್ಳಿ.

ಸುದ್ದಿ ಏನೂ ಸುಳ್ಳಲ್ಲ. 2017ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನವರು ಹೋಲ್ಮಿಯಂ ಎಂಬ ಲೋಹದ ಒಂದೇ ಪರಮಾಣುವಿನಲ್ಲಿ ಒಂದು ಬಿಟ್ ಬರೆದು, ಓದಿ ತೋರಿಸಿದರು. ಆದರೆ ನನಗೆ ಜಾಸ್ತಿ ಇಷ್ಟವಾದದ್ದು 2016ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ಮಾಡಿದ್ದು. ತಾಮ್ರದ ಮೇಲೆ ಕ್ಲೋರಿನ್ ಪರಮಾಣುಗಳ ಪದರ, ಅದರಲ್ಲಿ ಅಲ್ಲಲ್ಲಿ ಖಾಲಿ ಜಾಗ. ಚೌಕಾಬಾರದ ಕಾಯಿ ನಡೆಸಿದ ಹಾಗೆ ಒಂದೊಂದೇ ಪರಮಾಣುವನ್ನು ಸೂಜಿಮೊನೆಯಿಂದ ಖಾಲಿ ಜಾಗಕ್ಕೆ ಸರಿಸಿದರು. ಪರಮಾಣು ಮೇಲಿದ್ದು ಖಾಲಿ ಜಾಗ ಕೆಳಗಿದ್ದರೆ 1, ತಿರುಗಾಮುರುಗಾ ಆದರೆ 0. ಲೆಕ್ಕ ಹಾಕಿದರೆ ಚದರ ಇಂಚಿಗೆ ಸುಮಾರು 500 ಟೆರಾಬಿಟ್ (ಒಂದು ಟೆರಾಬಿಟ್ ಅಂದರೆ ಲಕ್ಷ ಕೋಟಿ ಬಿಟ್)!

ನಿಜಕ್ಕೂ ಬರೆದದ್ದು ಮಾತ್ರ 1 ಕಿಲೋಬೈಟ್. ನಿಮ್ಮ ಒಂದು ಮುಹೂರ್ತದ ಫೋಟೋದ ಮೂಲೆಯೂ ಅದರಲ್ಲಿ ಹಿಡಿಯಲ್ಲ. ಅದೂ ಮೈನಸ್ 196 ಡಿಗ್ರಿಯಲ್ಲಿ, ಗಾಳಿ ಪೂರ್ತಿ ತೆಗೆದ ಪೆಟ್ಟಿಗೆಯೊಳಗೆ. ಹೋಲ್ಮಿಯಂಗೆ ಇನ್ನೂ ಹೆಚ್ಚು ಚಳಿ ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಎಲ್ಲಿ ಆಗುತ್ತೆ, ಅಲ್ವಾ?

ತಗೊಳ್ಳುವಾಗ ಎರಡು ಡಿಸ್ಕ್ ತಗೊಳ್ಳಿ. ಒಂದು ಸ್ಟುಡಿಯೋದಲ್ಲಿರಲಿ, ಅದರ ಕಾಪಿ ಇನ್ನೊಂದರಲ್ಲಿ, ಮನೆಯಲ್ಲಿ.